ಅಕ್ಕೋರನ್ನ ಕೇಳಿ: ಆರನೇ ಇಯತ್ತೆಗೆ ಯಾವ ಕ್ಲಾಸು ಹಿಡಿಯೋದು?

ಜೂನ್ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮಷಿನ್ನಿನ ದಾರ ಯಾಕೆ ಹರಿಯುತ್ತದೆ ಎಂದು ಕೇಳುವವರು ಕಡಿಮೆಯಾಗಿ, ಮಕ್ಕಳ ಶಾಲೆಯಿಂದ ಬಂದ ಫಾರ್ಮಿನ ಫೋಟೊ ಕಳಿಸುವವರು ಹೆಚ್ಚಾಗುತ್ತಾರೆ. ನಾನು ಹೊಲಿಗೆ ಕಲಿಸುತ್ತಿದ್ದ ಶಾಲೆಯಲ್ಲಿ ಹುಡುಗಿಯರೆಲ್ಲ ಹೊಲಿಗೆ ಕೋಣೆಗೆ, ಹುಡುಗರೆಲ್ಲ ಮೈದಾನಕ್ಕೆ. ಆರಿಸಿಕೊಳ್ಳುವ ಮಾತೇ ಇರಲಿಲ್ಲ. ಈಗ ಆರಿಸಿಕೊಳ್ಳಬೇಕು ಎಂಬುದೇ ಮನೆಮಂದಿಗೆ ತಲೆನೋವಾಗಿದೆ. ಈ ಸಲ ಅಂಥ ಪತ್ರಗಳನ್ನೇ ಎತ್ತಿಕೊಂಡಿದ್ದೇನೆ.

ಮಗಳು ಆರನೇ ಕ್ಲಾಸಿಗೆ ಹೋಗುತ್ತಾಳೆ. ಸಿಬಿಎಸ್‌ಇ ಶಾಲೆ. ಕೋಡಿಂಗ್, ಕೃತಕ ಬುದ್ಧಿಮತ್ತೆ, ಹಣಕಾಸು ತಿಳಿವಳಿಕೆ, ಎಂಬ್ರಾಯ್ಡರಿ ಇವುಗಳಲ್ಲಿ ಒಂದಕ್ಕೆ ಟಿಕ್ ಹಾಕಬೇಕು. ಅವಳಿಗೆ ಎಂಬ್ರಾಯ್ಡರಿ ಬೇಕಂತೆ. ಯಜಮಾನರು ಕೋಡಿಂಗ್ ಬಿಟ್ಟು ಬೇರೆ ಮಾತೇ ಬೇಡ ಅಂತಾರೆ. ಅತ್ತೆಯವರು, ಸೂಜಿ ಹಿಡಿಯೋದು ಮನೆಯಲ್ಲೇ ಕಲಿತರಾಯ್ತು, ಅದಕ್ಕೆ ಫೀ ಯಾಕೆ ಅಂತಾರೆ. ನೀವೇ ಹೇಳಿ ಅಕ್ಕೋರೆ. — ಒಬ್ಬ ತಾಯಿ, ಹುಬ್ಬಳ್ಳಿ

ಮೊದಲು ಯಜಮಾನರಿಗೆ ಒಂದು ಲೆಕ್ಕ ಹೇಳಿ. ಆರರಿಂದ ಎಂಟನೇ ತರಗತಿಯವರೆಗೆ ಸಿಬಿಎಸ್‌ಇ ಇಟ್ಟಿರುವ ಈ ಕೌಶಲ ಪಾಠಗಳಲ್ಲಿ ಹೆಚ್ಚಿನವು 12 ಗಂಟೆಯವು. ವಾರಕ್ಕೆ 40 ನಿಮಿಷದ ಒಂದು ಪಿರಿಯಡ್ ಹಿಡಿದರೆ 18 ಪಿರಿಯಡ್ಡಿಗೆ ಮುಗಿದು ಹೋಗುತ್ತದೆ. 12 ಗಂಟೆ ಕೋಡಿಂಗ್ ಕಲಿತ ಮಗು ಎಂಜಿನಿಯರ್ ಆಗುವುದಿಲ್ಲ, 12 ಗಂಟೆ ಎಂಬ್ರಾಯ್ಡರಿ ಮಾಡಿದ ಮಗುವಿಗೆ ಎಂಜಿನಿಯರಿಂಗ್ ಬಾಗಿಲು ಮುಚ್ಚುವುದೂ ಇಲ್ಲ. ಮದುವೆ ಮಾತುಕತೆಯಷ್ಟು ಗಂಭೀರವಾಗಿ ಕೂತು ಚರ್ಚೆ ಮಾಡುವ ವಿಷಯವೇ ಅಲ್ಲ ಇದು.

ಹಾಗಂತ ಯಾವುದಾದರೇನು ಎಂದು ಕಣ್ಣು ಮುಚ್ಚಿ ಟಿಕ್ ಹಾಕಬೇಡಿ. ಶಾಲೆಗೆ ಹೋಗಿ ಎರಡೇ ಮಾತು ಕೇಳಿ. ಯಾರು ಕಲಿಸುತ್ತಾರೆ? ಮುಗಿಯುವ ಹೊತ್ತಿಗೆ ಮಗು ಮನೆಗೆ ಏನು ತರುತ್ತಾಳೆ? ಸಮಾಜ ವಿಜ್ಞಾನದ ಟೀಚರಿಗೆ ಪಿರಿಯಡ್ ಖಾಲಿ ಇದೆ ಎಂದು ಎಂಬ್ರಾಯ್ಡರಿ ಅವರ ಕೊರಳಿಗೆ ಕಟ್ಟಿದ್ದರೆ, ನಾನೇ ಹೇಳುತ್ತೇನೆ, ಬೇಡ. ಅವರು ಬೋರ್ಡಿನ ಮೇಲೆ ಹೊಲಿಗೆಗಳ ಹೆಸರು ಬರೆಸಿ ನೋಟ್ಸ್ ಕೊಡುತ್ತಾರೆ. ಕೋಡಿಂಗ್ ಮೇಷ್ಟ್ರು ಚೆನ್ನಾಗಿದ್ದು, ಮಕ್ಕಳ ಕೈಯಲ್ಲೇ ಒಂದು ಸಣ್ಣ ಆಟ ಮಾಡಿಸುತ್ತಾರೆ ಎಂದಾದರೆ ಕಣ್ಣು ಮುಚ್ಚಿ ಅದಕ್ಕೇ ಸೇರಿಸಿ. ಸೂಜಿ ಗೊತ್ತಿರುವವರು ಸಿಕ್ಕರೆ ಮಗಳ ಮಾತು ನಡೆಯಲಿ.

ಇನ್ನು ಅತ್ತೆಯವರಿಗೆ. ಮನೆಯಲ್ಲೇ ಕಲಿಯಬಹುದು, ನಿಜ. ಆದರೆ ಕಲಿಸುತ್ತೀರಾ? ನಾನು ಧಾರವಾಡದ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಟ್ರಂಕಿನಲ್ಲಿ ಅಜ್ಜಿಯ ಕಪ್ಪು ಚಂದ್ರಕಾಳಿ ಸೀರೆ ಇರುತ್ತದೆ, ಸೆರಗಿನ ತುಂಬ ಗೋಪುರ, ತೇರು, ಆನೆ, ತುಳಸಿ ಕಟ್ಟೆ. ಅದರಲ್ಲಿ ಯಾವುದು ಗವಂತಿ ಹೊಲಿಗೆ, ಯಾವುದು ಮುರಗಿ ಹೊಲಿಗೆ ಎಂದು ಹೇಳುವವರು ಆ ಮನೆಯಲ್ಲಿ ಒಬ್ಬರೂ ಇರುವುದಿಲ್ಲ.

ನಮ್ಮ ಕಡೆಯ ಈ ಕಸೂತಿಯನ್ನು ಆರನೇ ಇಯತ್ತೆಯ ಮಗುವಿಗೆ ಕಲಿಸಿದರೆ ಏನಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಗೊತ್ತಿರುವುದೇ ಇದು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಯುತ್ತ ಹೋಗುತ್ತೀರಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಬರುತ್ತೀರಿ. ಮುಗಿದ ಮೇಲೆ ಹಿಂದೆ ಮುಂದೆ ಎರಡೂ ಕಡೆ ಒಂದೇ ತರಹ ಕಾಣಬೇಕು. ಮುರಗಿಯದೂ ಅದೇ ಕಟ್ಟಳೆ, ಗೆರೆ ಮಾತ್ರ ಮೆಟ್ಟಿಲಿನ ಹಾಗೆ ಏರಿಳಿಯುತ್ತದೆ. ಗೋಪುರಕ್ಕೆ ಕವಲುಗಳಿರುತ್ತವಲ್ಲ, ಯಾವ ಕವಲಿಗೆ ಯಾವಾಗ ಹೊಕ್ಕು ಯಾವಾಗ ಹೊರಬರಬೇಕು ಎಂದು ಮೊದಲೇ ಯೋಚಿಸಿರದಿದ್ದರೆ ನಡುವೆ ಒಂದು ಖಾಲಿ ಉಳಿದು, ದಾರ ಕತ್ತರಿಸಬೇಕಾಗುತ್ತದೆ. ನೇಗಿ ಎಂಬ ಇನ್ನೊಂದು ಹೊಲಿಗೆ ನೇಯ್ಗೆಯಂತೆ ತುಂಬಿಕೊಳ್ಳುತ್ತದೆ. ಮೆಂತಿ ಗುಣಾಕಾರ ಚಿಹ್ನೆಯಂಥ ಅಡ್ಡಡ್ಡ ಹೊಲಿಗೆ, ಬೇಗ ಬರುತ್ತದೆ, ಹಾಗಾಗಿ ಮಕ್ಕಳೆಲ್ಲ ಮೆಂತಿಗೇ ಓಡುತ್ತವೆ. ನಾನು ಬೇಕೆಂದೇ ಗವಂತಿಯಿಂದ ಶುರು ಮಾಡಿಸುತ್ತಿದ್ದೆ.

ಇದೂ ಒಂದು ಕೋಡಿಂಗೇ ಎಂದು ನಿಮ್ಮ ಯಜಮಾನರನ್ನು ಒಪ್ಪಿಸಲು ನಾನು ಹೊರಟಿಲ್ಲ. ಅದು ಅದೇ, ಇದು ಇದೇ. ಆದರೆ ಹನ್ನೊಂದು ವರ್ಷದ ಮಗು ತಾನೇ ಎಣಿಸಿ, ತಪ್ಪಿದ್ದನ್ನು ತಾನೇ ಬಿಚ್ಚಿ, ಒಂದು ಕರವಸ್ತ್ರದ ಮೂಲೆ ಮುಗಿಸಿ ತಂದರೆ ಅದನ್ನು ಹಗುರವಾಗಿ ನೋಡಬೇಡಿ. ಎಳೆ ಎಣಿಸಲು ಬರುವಂಥ ಮ್ಯಾಟಿ ಬಟ್ಟೆ ಒಂದು ಮೀಟರ್, ಸೂಜಿ, ನಾಲ್ಕು ಬಣ್ಣದ ದಾರ ತಂದಿಡಿ. ಕೆಂಪು, ಹಸಿರು, ಹಳದಿ, ಬಿಳಿ ಸಾಕು. ಶಾಲೆಯ ಕ್ಲಾಸು ಹೇಗಿದ್ದರೂ ಅದು ಕೆಲಸಕ್ಕೆ ಬರುತ್ತದೆ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ನಮ್ಮಲ್ಲಿ ಚಿತ್ರಕಲೆ, ಸಂಗೀತ, ಕ್ರಾಫ್ಟ್ ಯಾವುದಕ್ಕೂ ಟೀಚರಿಲ್ಲ. ಆರಿಸಿಕೊಳ್ಳುವ ಭಾಗ್ಯ ಖಾಸಗಿ ಶಾಲೆಯವರಿಗೆ ಮಾತ್ರವೇ? — ಹಾವೇರಿ ಜಿಲ್ಲೆಯ ಓದುಗರು

ನಿಮ್ಮ ಸಿಟ್ಟು ನ್ಯಾಯವಾದದ್ದು. ವಿಶೇಷ ಶಿಕ್ಷಕರ ಹುದ್ದೆ ಖಾಲಿ ಬಿದ್ದರೆ ಅದನ್ನು ತುಂಬಿ ಎಂದು ಮೇಲಿಂದ ಮೇಲೆ ಅರ್ಜಿ ಕೊಡುತ್ತಲೇ ಇರಿ, ಅದನ್ನು ಮಾತ್ರ ಬಿಡಬೇಡಿ. ಕಾಯುವ ಹೊತ್ತಿನಲ್ಲಿ ಮಾಡಬಹುದಾದದ್ದನ್ನು ಹೇಳುತ್ತೇನೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ಮಾತಿದೆ. ಆರರಿಂದ ಎಂಟನೇ ತರಗತಿಯ ನಡುವೆ ಮಕ್ಕಳು 10 ದಿನ ಬ್ಯಾಗಿಲ್ಲದೆ ಊರಿನ ಬಡಗಿ, ಕುಂಬಾರ, ಮಾಲಿ, ಕಲಾವಿದರ ಹತ್ತಿರ ಕೆಲಸ ನೋಡಿ, ಮಾಡಿ ಕಲಿಯಬೇಕು ಎಂದು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇನ್ನೂ ಮುಂದೆ ಹೋಗಿ, ಈ ಮೂರು ತರಗತಿಗಳಲ್ಲಿ ವರ್ಷಕ್ಕೆ 110 ಗಂಟೆ ವೃತ್ತಿ ಶಿಕ್ಷಣ ಇರಲಿ ಎನ್ನುತ್ತದೆ. ಗಿಡ-ಪ್ರಾಣಿಗಳ ಜೊತೆಗಿನ ಕೆಲಸ, ಯಂತ್ರ-ವಸ್ತುಗಳ ಜೊತೆಗಿನ ಕೆಲಸ, ಜನರ ಸೇವೆಯ ಕೆಲಸ ಎಂದು ಮೂರು ಬಗೆ. ಮೇಲಿನ ಪತ್ರದ 12 ಗಂಟೆ ಎಲ್ಲಿ, ಈ 110 ಎಲ್ಲಿ! ಕಾಗದದ ಮೇಲಿನ ಮಾತೆಲ್ಲ ಶಾಲೆಯ ಹೊಸ್ತಿಲು ದಾಟುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಹೆಡ್ ಮಾಸ್ತರ ಹತ್ತಿರ ಮಾತಾಡಲು ಹೋಗುವಾಗ ಈ ಕಾಗದ ಕೈಯಲ್ಲಿದ್ದರೆ ದನಿ ಗಟ್ಟಿಯಾಗುತ್ತದೆ.

ಎನ್‌ಸಿಇಆರ್‌ಟಿಯ ಆರನೇ ತರಗತಿಯ ‘ಕೌಶಲ್ ಬೋಧ್’ ಪುಸ್ತಕ ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಶಾಲೆಯ ಕೈತೋಟ, ಒಲೆಯಿಲ್ಲದ ಅಡುಗೆ, ಶಾಲೆಯಲ್ಲೇ ಒಂದು ಪುಟ್ಟ ವಸ್ತು ಸಂಗ್ರಹಾಲಯ, ಹೀಗೆ ಕೆಲವು ಯೋಜನೆ ಅದರಲ್ಲಿವೆ. ನನ್ನ ಕೇಳಿದರೆ ಕೈತೋಟದಿಂದ ಶುರು ಮಾಡಿ. ನಿಮ್ಮಲ್ಲಿ ಬಿಸಿಯೂಟ ಇದೆ, ಬೆಳೆದ ಮೆಂತ್ಯ, ರಾಜಗಿರಿ ಅಲ್ಲೇ ಸಾರಿಗೆ ಬೀಳುತ್ತದೆ, ಮಕ್ಕಳು ತಾವು ಬೆಳೆದದ್ದನ್ನು ತಾವೇ ಉಣ್ಣುತ್ತವೆ. ಖಾಸಗಿ ಶಾಲೆಯ ಮಕ್ಕಳಿಗೆ ಅದು ಸಿಗುವುದಿಲ್ಲ. ಮೆಂತ್ಯ ತಿಂಗಳೊಳಗೆ ಕೀಳಲು ಬರುತ್ತದೆ, ಹಾಗಾಗಿ ಮಕ್ಕಳಿಗೆ ಬೇಸರ ಬರುವ ಮೊದಲೇ ಫಲ ಕಾಣುತ್ತದೆ. ಮೊದಲ ಸಲವೇ ಬದನೆಗೆ ಕೈ ಹಾಕಬೇಡಿ, ಹುಳದ ಕಾಟ.

ಊರಲ್ಲಿ ಟೇಲರ್ ಇದ್ದಾರೆ, ಬಡಗಿ ಇದ್ದಾರೆ, ಮೋಟರ್ ರಿಪೇರಿಯವರಿದ್ದಾರೆ. ಶನಿವಾರ ಒಬ್ಬೊಬ್ಬರನ್ನು ಕರೆಸಿ. ಶಾಲು ಹೊದಿಸಿ ಭಾಷಣ ಮಾಡಿಸುವುದು ಬೇಡ, ಮಕ್ಕಳ ಕೈಗೆ ಉಪಕರಣ ಕೊಡಲಿ. ಬಂದವರ ಅಂದಿನ ಕೂಲಿ ತಪ್ಪಿಸಬೇಡಿ, ಅದನ್ನು ಊರವರೇ ಕೂಡಿ ಕೊಡಿ. ಜೇಡಿಮಣ್ಣು ಸಿಗುವ ಊರಾದರೆ ಪ್ರತಿಭಾ ಕಾರಂಜಿಯ ಮಣ್ಣಿನ ಮಾದರಿ ಸ್ಪರ್ಧೆಯೊಂದೇ ಒಳ್ಳೆ ನೆಪ. ಚಿತ್ರ ಬರೆಯುವ ಮಕ್ಕಳಿದ್ದರೆ ಲೋಯರ್ ಮತ್ತು ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಯ ಬಗ್ಗೆ ಹತ್ತಿರದ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನ್ನು ವಿಚಾರಿಸಿ.

ನಾವು ಟೆಕ್ಸಾಸ್‌ನಲ್ಲಿದ್ದೇವೆ. ಮಗ ಆರನೇ ಗ್ರೇಡಿಗೆ ಮಿಡ್ಲ್ ಸ್ಕೂಲ್ ಸೇರುತ್ತಾನೆ. ಬ್ಯಾಂಡ್, ಆರ್ಕೆಸ್ಟ್ರಾ, ಕಾಯರ್ (ಗುಂಪು ಹಾಡುಗಾರಿಕೆ), ಆರ್ಟ್, ಥಿಯೇಟರ್ ಇಷ್ಟರಲ್ಲಿ ಒಂದು ಆರಿಸಬೇಕು. ಅವನು ಆನ್‌ಲೈನಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾನೆ. ಆರ್ಕೆಸ್ಟ್ರಾ ತಗೊಂಡರೆ ಎರಡೂ ಕಲಸುಮೇಲೋಗರ ಆಗುತ್ತದೆಯೇ ಮೇಡಂ? ಅಥವಾ ಇವನ್ನೆಲ್ಲ ಬಿಟ್ಟು ಕಂಪ್ಯೂಟರ್ ಕ್ಲಾಸ್ ಹಿಡಿಯಬಹುದೇ? — ಒಬ್ಬ ಕನ್ನಡಿಗ ತಂದೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ನಿಮ್ಮ ರಾಜ್ಯದಲ್ಲಿ ಆರು, ಏಳು, ಎಂಟು ಈ ಮೂರು ಗ್ರೇಡುಗಳ ಒಳಗೆ ಒಂದಾದರೂ ಲಲಿತಕಲೆಯ ಕೋರ್ಸ್ ಮುಗಿಸಲೇಬೇಕು ಎಂಬ ನಿಯಮವಿದೆ. ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬ್ಯಾಂಡ್, ಆರ್ಕೆಸ್ಟ್ರಾಗಳು ಸಾಮಾನ್ಯವಾಗಿ ಆರನೇ ಗ್ರೇಡಿನಲ್ಲಿ ಅ-ಆ-ಇ-ಈಯಿಂದ ಶುರುವಾಗುತ್ತವೆ. ಏಳಕ್ಕೋ ಎಂಟಕ್ಕೋ ಹೊಸದಾಗಿ ಸೇರುವುದು ಕಷ್ಟ. ಕಂಪ್ಯೂಟರ್ ಎಲ್ಲಿಗೂ ಓಡಿಹೋಗುವುದಿಲ್ಲ.

ಪಿಟೀಲಿನ ಬಗ್ಗೆ ನಾನು ಹೇಳಿದರೆ ನಗೆಪಾಟಲು. ಧಾರವಾಡದವಳು, ಹಿಂದುಸ್ತಾನಿ ಗಾಯನ ಕೇಳಿ ಬೆಳೆದವಳು. ಮೈಸೂರಿನಲ್ಲಿ ಪಿಟೀಲು ಕಲಿಸುವ ಗೆಳತಿಗೆ ಫೋನ್ ಹಚ್ಚಿ ಕೇಳಿದೆ. ಅವಳೆಂದಳು: ನಮ್ಮವರು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ, ಬುಡವನ್ನು ಎದೆಗೆ ಆನಿಸಿ ನುಡಿಸುತ್ತಾರೆ. ಎಡಗೈಗೆ ವಾದ್ಯದ ಭಾರ ಇರುವುದಿಲ್ಲ, ಗಮಕಕ್ಕೆ, ಅಂದರೆ ಸ್ವರ ಓಲಾಡಿಸಲು, ಬೆರಳು ಸಲೀಸಾಗಿ ಜಾರುತ್ತದೆ. ಅಲ್ಲಿ ಆರ್ಕೆಸ್ಟ್ರಾದಲ್ಲಿ ಕುರ್ಚಿಯ ಮೇಲೆ ಕೂತು ಗದ್ದದ ಕೆಳಗೆ ಹಿಡಿಯಬೇಕು, ಬರೆದ ನೊಟೇಶನ್ ನೋಡಿಯೇ ನುಡಿಸಬೇಕು, ಸ್ವರವನ್ನು ಓಲಾಡಿಸಿದರೆ ತಪ್ಪು. ಶ್ರುತಿಯೂ ಬೇರೆ. ನಮ್ಮ ತಂತಿಗಳು ಸ-ಪ-ಸ-ಪ, ಅವರವು ಜಿ-ಡಿ-ಎ-ಇ. ಒಂದೇ ವಾದ್ಯವನ್ನು ದಿನಾ ಬೆಳಗ್ಗೆ ಒಂದು ಶ್ರುತಿಗೆ, ಸಂಜೆ ಇನ್ನೊಂದು ಶ್ರುತಿಗೆ ತಿರುಚಿದರೆ ತಂತಿಯೂ ಕಡಿಯುತ್ತದೆ, ಕಿವಿಯೂ ಕೆಡುತ್ತದೆ. ಎರಡನೇ ವಾದ್ಯವೊಂದನ್ನು ಬಾಡಿಗೆಗೆ ತನ್ನಿ ಎಂಬುದು ಅವಳ ಸಲಹೆ.

ನನ್ನದೊಂದು ಮಾತು ಸೇರಿಸುತ್ತೇನೆ. ನಿಮ್ಮ ಪತ್ರದ ತುಂಬ ನೀವಿದ್ದೀರಿ, ಮಗ ಎಲ್ಲೂ ಇಲ್ಲ. ಅವನನ್ನು ಕೇಳಿದ್ದೀರಾ? ಮನೆಯಲ್ಲಿ ಪರದೆಯ ಮುಂದೆ ಒಬ್ಬನೇ ಕೂತು ಪಿಟೀಲು ಕುಯ್ಯುವ ಹುಡುಗನಿಗೆ, ನಲವತ್ತು ಮಕ್ಕಳ ಜೊತೆ ಕೂಡಿ ಊದುವ ಟ್ರಂಬೋನ್ ಆಸೆ ಇದ್ದರೂ ಇರಬಹುದು. ಪಿಟೀಲು ಮನೆಯಲ್ಲಿ ಹೇಗೂ ನಡೆದಿದೆ. ಬ್ಯಾಂಡ್ ಎಂದರೆ ಬ್ಯಾಂಡಿಗೇ ಬಿಡಿ.

ಮಗ ಕುಂಬಾರಿಕೆ ಕ್ಲಾಸಿಗೆ ಹಟ ಮಾಡಿ ಸೇರಿದ. ತಿಂಗಳು ತುಂಬುವ ಮೊದಲೇ ಬಿಡ್ತೀನಿ ಅಂತಾನೆ. — ಬೆಂಗಳೂರು

ಒಂದು ಬೋಗುಣಿ ಮುಗಿಸಿ ಬಿಡಲಿ. ಸೊಟ್ಟಗಿದ್ದರೂ ಸರಿ, ಸುಟ್ಟು ಬಣ್ಣ ಹಚ್ಚಿ ಮನೆಗೆ ತರಲಿ. ಆಮೇಲೂ ಬೇಡ ಎಂದರೆ ಬೇಡ. ಫೀ ಕಟ್ಟಿದ್ದೇವೆ ಎಂದು ವರ್ಷವಿಡೀ ಹಂಗಿಸಬೇಡಿ.

ಆರನೇ ಕ್ಲಾಸಿನಿಂದ ಕನ್ನಡ ಬಿಟ್ಟು ಬೇರೆ ಭಾಷೆ ತಗೊಂಡರೆ ಹತ್ತನೆಯಲ್ಲಿ ಅಂಕ ಜಾಸ್ತಿ ಬರುತ್ತವಂತೆ, ಹೌದೇ? — ದಾವಣಗೆರೆ

ಹತ್ತನೆಯ ಪರೀಕ್ಷೆಯಲ್ಲಿ ಮೊದಲನೇ ಭಾಷೆಗೆ 125 ಅಂಕ ಇರುವುದರಿಂದ, ಅಂಕ ಸುಲಭವಾಗಿ ಬರುವ ಭಾಷೆಯನ್ನು ಮೊದಲಿಡುವ ಈ ಲೆಕ್ಕಾಚಾರ ಬಹಳ ಹಿಂದಿನಿಂದ ನಡೆದಿದೆ. ಆದರೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಒಂದು ಭಾಷೆಯಾಗಿ ಇರಲೇಬೇಕು, ಪೂರ್ತಿ ಬಿಡುವ ಮಾತಿಲ್ಲ. ಹಿಂದೆ ಮುಂದೆ ಮಾಡಬಹುದು, ಅಷ್ಟೇ. ಮಗುವಿಗೆ ಯಾವ ಭಾಷೆಯಲ್ಲಿ ಕತೆ ಓದುವ ರುಚಿ ಹತ್ತಿದೆಯೋ ಅದನ್ನೇ ಮೊದಲು ಇಡಿ.

ನಾನು ಏಳನೇ ಕ್ಲಾಸ್. ಹೊಲಿಗೆ ತಗೊಂಡಿದ್ದಕ್ಕೆ ಗೆಳೆಯರು ‘ಹುಡುಗಿ’ ಅಂತ ಕಾಡಿಸ್ತಾರೆ. ಬಿಡಲಾ ಅಕ್ಕೋರೆ? — ಒಬ್ಬ ವಿದ್ಯಾರ್ಥಿ, ಗದಗ

ಬಿಡಬೇಡ ಮರಿ. ನಿನ್ನ ಗೆಳೆಯರ ಯೂನಿಫಾರ್ಮ್ ಪ್ಯಾಂಟ್ ಹೊಲಿದದ್ದು ಯಾರು ಎಂದು ಕೇಳು. ನಿಮ್ಮ ಜಿಲ್ಲೆಯ ಗಜೇಂದ್ರಗಡದ ಕಡೆ ಮಗ್ಗದ ಮುಂದೆ ಕೂತವರನ್ನು ಹೋಗಿ ನೋಡು, ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಅವರಿಗೆ ಯಾರೂ ಅಡ್ಡ ಹೆಸರಿಡುವುದಿಲ್ಲ.

ಅವರ ಬಾಯಿ ಮುಚ್ಚಿಸಲು ಇನ್ನೊಂದು ದಾರಿ ಹೇಳುತ್ತೇನೆ. ಕೈಯಲ್ಲಿ ಕಾಜಾ ಮಾಡುವುದನ್ನು ಕಲಿ. ಗುಂಡಿಯ ಅಗಲಕ್ಕೆ ಅದರ ದಪ್ಪ ಕೂಡಿಸಿದರೆ ಬರುವುದೇ ಕಾಜಾದ ಉದ್ದ. ಅಷ್ಟಕ್ಕೆ ಗೆರೆ ಹಾಕಿ, ಸುತ್ತಲೂ ಸಣ್ಣ ದಾಟು ಹೊಲಿಗೆ ಹಾಕಿಕೊಂಡು ಆಮೇಲೆ ಕತ್ತರಿಸು, ಎಳೆ ಬಿಚ್ಚುವುದಿಲ್ಲ. ದಾರವನ್ನು ಮೇಣದ ಮೇಲೆ ಒಮ್ಮೆ ಎಳೆದುಕೋ, ಗಂಟು ಬೀಳುವುದಿಲ್ಲ. ಪ್ರತಿ ಸಲ ಸೂಜಿಯನ್ನು ದಾರದ ಕುಣಿಕೆಯೊಳಗಿಂದ ತೆಗೆದು, ಆಗ ಬೀಳುವ ಗಂಟು ಬಟ್ಟೆಯ ಕತ್ತರಿಸಿದ ಅಂಚಿನ ಮೇಲೆ ಕೂರುವ ಹಾಗೆ ಎಳೆ. ತರಗತಿಯಲ್ಲಿ ಯಾರದಾದರೂ ಕಾಜಾ ಕಿತ್ತುಹೋದ ದಿನ ನಿನ್ನ ಹತ್ತಿರವೇ ಬರುತ್ತಾರೆ. ಕಲಿಯುವಾಗ ಹಳೆ ಅಂಗಿ ಹಿಡಿದುಕೋ. ಹೊಸ ಯೂನಿಫಾರ್ಮಿಗೆ ಕತ್ತರಿ ಹಾಕಿದರೆ ನಿಮ್ಮವ್ವನ ಕೈಲಿ ಬೈಸಿಕೊಳ್ಳುವುದು ನೀನು, ನಾನಲ್ಲ.