ಗೆರೆ ಎಳೆಯಲು ಒಪ್ಪದ ವಾಸ್ತುಶಿಲ್ಪಿ

ಮನೆ ಕಟ್ಟಿಸುವ ವಿಷಯಕ್ಕೆ ಜಗಳವಾಡಿಕೊಂಡ ದಂಪತಿಗಳು ನನ್ನ ಬಳಿಗೆ ಬರುವುದು ಸಾಮಾನ್ಯವಾಗಿ ಪಾಯ ತೆಗೆದಾದ ಮೇಲೆ, ಇಲ್ಲವೇ ಗೃಹಪ್ರವೇಶ ಮುಗಿದು ಸಾಲದ ಕಂತು ಆರಂಭವಾದ ಮೇಲೆ. ಆ ಹೊತ್ತಿಗೆ ಗೋಡೆಗಳು ಎದ್ದಿರುತ್ತವೆ, ಆಪ್ತಸಲಹೆಯಿಂದ ಗೋಡೆ ಸರಿಸಲಾಗದು. ಇಲ್ಲಿ ಹೇಳುತ್ತಿರುವ ದಂಪತಿ ಒಂದು ಗೆರೆಯೂ ಬೀಳುವ ಮೊದಲೇ ಬಂದರು. ಅವರನ್ನು ಕಳುಹಿಸಿದವರು ಸ್ವತಃ ಅವರ ವಾಸ್ತುಶಿಲ್ಪಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಅವರದು 40x60 ನಿವೇಶನ. ಪತಿ ನಿವೃತ್ತಿಗೆ ಹತ್ತಿರವಾದ ನೌಕರ, ಪತ್ನಿ ಪ್ರೌಢಶಾಲೆಯ ಶಿಕ್ಷಕಿ. ಒಬ್ಬನೇ ಮಗ ವಿದೇಶದಲ್ಲಿದ್ದಾನೆ, ಪತಿಯ ವೃದ್ಧ ತಾಯಿ ಇವರ ಜೊತೆಗಿದ್ದಾರೆ. ವಾಸ್ತುಶಿಲ್ಪಿಯ ಮೊದಲ ಭೇಟಿಗೆ ಪತಿ ಒಬ್ಬರೇ, ಟೈಪು ಮಾಡಿಸಿದ ಪಟ್ಟಿ ಹಿಡಿದು ಹೋಗಿದ್ದರು. ಎರಡನೆಯ ಭೇಟಿಗೆ ಪತ್ನಿಯನ್ನೂ ಕರೆದೊಯ್ದರು. ಪಟ್ಟಿಯಲ್ಲಿದ್ದ ಪ್ರತಿಯೊಂದು ಕೋಣೆಗೂ ಆಕೆ "ಇವರು ಹೇಳಿದ ಹಾಗೇ ಆಗಲಿ" ಎಂದಿದ್ದನ್ನು ಗಮನಿಸಿದ ವಾಸ್ತುಶಿಲ್ಪಿ, ಪುಸ್ತಕ ಮುಚ್ಚಿ, "ನಿಮ್ಮಿಬ್ಬರದೂ ಒಂದು ಮಾತಾಗಲಿ, ಆಮೇಲೆ ನಾನು ಗೆರೆ ಎಳೀತೀನಿ" ಎಂದು ಎದ್ದುಬಿಟ್ಟರಂತೆ. ಶುಲ್ಕ ಕೊಡಲು ಸಿದ್ಧರಿರುವ ಗಿರಾಕಿಯನ್ನು ಹೀಗೆ ವಾಪಸು ಕಳಿಸುವವರು ಅಪರೂಪ. ಪತಿಗೆ ಅದು ಅವಮಾನವಾಗಿ ಕಂಡಿತ್ತು.

ನನ್ನ ಜೊತೆಗಿನ ಮೊದಲ ಎರಡು ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಮೂರನೆಯದಕ್ಕೆ ಬರುವಾಗ ಕೋಣೆಗಳ ಹೆಸರನ್ನೇ ಎತ್ತದೆ, ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ತಾವು ಎಲ್ಲೆಲ್ಲಿ ಕೂರುತ್ತೇವೆ, ಏನು ಮಾಡುತ್ತೇವೆ ಎಂಬುದನ್ನು ಒಬ್ಬರಿಗೊಬ್ಬರು ತೋರಿಸದೆ ಬರೆದು ತರಲು ಹೇಳಿದೆ. ಪತಿ ಒಂದೂವರೆ ಪುಟ ಬರೆದಿದ್ದರು. ಪತ್ನಿ ತಂದದ್ದು ನಾಲ್ಕು ಸಾಲು, ಅದೂ ಪ್ರಶ್ನೆಪತ್ರಿಕೆಯೊಂದರ ಹಿಂಬದಿಯಲ್ಲಿ. ನಾಲ್ಕನೆಯ ಸಾಲು ಹೀಗಿತ್ತು: "ರಾತ್ರಿ ಊಟವಾದ ಮೇಲೆ ಟೇಬಲ್ ಒರೆಸಿ, ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವುದು." ಪ್ರತಿದಿನವೂ ಹಾಗೆಯೇ ಮಾಡುತ್ತೀರಾ ಎಂದು ಕೇಳಿದೆ. ಆಕೆ ಕೈಚೀಲದಿಂದ ಒಂದು ಉತ್ತರಪತ್ರಿಕೆ ತೆಗೆದು ಮೇಜಿನ ಮೇಲಿಟ್ಟರು. ಅದರ ಅಂಚಿನಲ್ಲಿ ಅರಿಶಿನ ಬಣ್ಣದ ಅರ್ಧಚಂದ್ರದಂಥ ಕಲೆಯಿತ್ತು. ಸಾರಿನ ಪಾತ್ರೆಯ ತಳ ಮೂಡಿಸಿದ ಕಲೆ. "ಆ ಹುಡುಗಿಗೆ ಏನಂತ ಹೇಳಲಿ ಮೇಡಂ, ನಿಮ್ಮ ಟೀಚರ್ ಮನೆಯಲ್ಲಿ ಬರೆಯೋಕೆ ಜಾಗ ಇಲ್ಲ ಅಂತಲೇ?" ಎಂದರು. ತುಸು ತಡೆದು, "ಇಪ್ಪತ್ತೇಳು ವರ್ಷದಲ್ಲಿ ಆ ಮನೇಲಿ ನಾನು ಒಳಗಿಂದ ಚಿಲಕ ಹಾಕ್ಕೊಂಡಿರೋದು ಬಚ್ಚಲುಮನೇದು ಮಾತ್ರ" ಎಂದರು.

ಪತಿ ಏನೂ ಹೇಳಲಿಲ್ಲ. ಅವರ ಟೈಪು ಮಾಡಿದ ಪಟ್ಟಿ ನನ್ನ ಮುಂದೆಯೇ ಇತ್ತು: ನಾಲ್ಕು ಮಲಗುವ ಕೋಣೆ, ಎರಡು ಅಂತಸ್ತಿನ ಎತ್ತರದ ಹಜಾರ, ಸಿನಿಮಾ ನೋಡಲು ಪ್ರತ್ಯೇಕ ಕೋಣೆ. ಮಗನಿಗೆಂದು ಇಟ್ಟ ಕೋಣೆಯ ಮೇಲೆ ಬೆರಳಿಟ್ಟು, ಅವನು ವರ್ಷಕ್ಕೆ ಎಷ್ಟು ದಿನ ಬರುತ್ತಾನೆ ಎಂದು ಕೇಳಿದೆ. ಅವರು ಬೆರಳು ಮಡಿಸಿ ಎಣಿಸತೊಡಗಿ, ಹದಿನೆಂಟಕ್ಕೆ ನಿಲ್ಲಿಸಿದರು. ಹೆಂಡತಿಗೊಂದು ಕೋಣೆ ಬೇಡವೆಂದು ಅವರು ಯಾವತ್ತೂ ಅಂದುಕೊಂಡಿರಲಿಲ್ಲ, ಕೇಳಬೇಕೆಂದೂ ಹೊಳೆದಿರಲಿಲ್ಲ.

ಅಂದು ನಾನು ಕೊಟ್ಟ ಸಲಹೆ ಇಷ್ಟು. ಮುಂದಿನ ಭೇಟಿಗೆ ಇಬ್ಬರೂ ಹೋಗಿ. ಕೋಣೆಗಳ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು, ಈ ಎರಡು ಹಾಳೆಗಳನ್ನು ವಾಸ್ತುಶಿಲ್ಪಿಯ ಕೈಗೆ ಕೊಡಿ. ಎಷ್ಟು ಚದರ ಕಟ್ಟಬೇಕೆಂಬುದು ಆ ಹಾಳೆಗಳಿಂದ ಹುಟ್ಟಬೇಕೇ ಹೊರತು ನೆರೆಮನೆಯ ಅಳತೆಯಿಂದಲ್ಲ. ಹಣದ ಲೆಕ್ಕವನ್ನೂ ಮುಚ್ಚಿಡದೆ ಹೇಳಿ ಎಂದಾಗ ಪತಿ ಕೆಮ್ಮಿದರು. "ಆರ್ಕಿಟೆಕ್ಟ್ ಹತ್ತಿರ ಇರೋದೆಲ್ಲ ಹೇಳಬೇಡ, ಎಳೆದುಬಿಡ್ತಾರೆ" ಎಂಬ ಗೆಳೆಯರೊಬ್ಬರ ಮಾತು ಕೇಳಿ, 80 ಲಕ್ಷ ಹೊಂದಿಸಬಲ್ಲವರು 60 ಎಂದಿದ್ದರು. ಕೈಯಲ್ಲಿರುವುದನ್ನು ಕಡಿಮೆ ಹೇಳಿದರೆ ನಕ್ಷೆಯಲ್ಲಿ ಮೊದಲು ಕತ್ತರಿ ಬೀಳುವುದು ಯಾರೂ ಗಟ್ಟಿಯಾಗಿ ಕೇಳದ ಜಾಗಕ್ಕೆ, ಅಂದರೆ ಈ ಮನೆಯಲ್ಲಿ ಪತ್ನಿಯ ಮೇಜಿಗೆ. ಆ ಉಳಿದ 20 ಲಕ್ಷದ ವಿಷಯ ಪತ್ನಿಗೂ ಗೊತ್ತಿರಲಿಲ್ಲ. ಅದನ್ನು ಸರಿಪಡಿಸಲು ಬೇರೆಯೇ ಎರಡು ಭೇಟಿಗಳು ಬೇಕಾದವು.

ಇನ್ನು ಆಯ, ಅಂದರೆ ಮನೆಯ ಅಳತೆಯ ಶುಭಾಶುಭ ಲೆಕ್ಕ, ಮತ್ತು ವಾಸ್ತು. ಪತ್ನಿಯ ಅಣ್ಣ ವಾಸ್ತುಶಿಲ್ಪಿಯೂ ವಾಸ್ತು ಪಂಡಿತರೂ ಒಬ್ಬರೇ ಎಂದುಕೊಂಡಿದ್ದರಂತೆ. ಈ ಗೊಂದಲ ಅವರೊಬ್ಬರದಲ್ಲ. ಅಡುಗೆಮನೆ ಆಗ್ನೇಯದಲ್ಲಿ, ಪೂಜಾಕೋಣೆ ಈಶಾನ್ಯದಲ್ಲಿ ಇರಲೇಬೇಕೆಂದರೆ ಅದನ್ನು ಮೊದಲ ದಿನವೇ ಹೇಳಬೇಕು. ನಕ್ಷೆ ಒಪ್ಪಿಗೆಯಾದ ಮೇಲೆ ಪಂಡಿತರ ಬಳಿ ಒಯ್ದು ಗೋಡೆ ತಿರುಗಿಸಹೊರಟರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗುತ್ತದೆ. ನನಗೆ ವಾಸ್ತುವಿನಲ್ಲಿ ನಂಬಿಕೆಯಿಲ್ಲ, ಆದರೆ ನಂಬುವವರ ಮನೆಗೆ ನನ್ನ ಅಪನಂಬಿಕೆಯನ್ನು ಪಾಯವಾಗಿ ಹಾಕಲಾರೆ. ಶುಲ್ಕ ಯಾವ ಹಂತಕ್ಕೆ ಎಷ್ಟು, ನಕ್ಷೆಯನ್ನು ಎಷ್ಟು ಸಲ ತಿದ್ದಿಕೊಡುತ್ತಾರೆ, ಕೆಲಸದ ಜಾಗಕ್ಕೆ ಎಷ್ಟು ಬಾರಿ ಬರುತ್ತಾರೆ ಎಂಬುದೆಲ್ಲ ಬರಹದಲ್ಲಿರಲಿ ಎಂದೂ ಹೇಳಿದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ವಾಸ್ತುಶಿಲ್ಪ ಮಂಡಳಿಯಲ್ಲಿ (ಕೌನ್ಸಿಲ್ ಆಫ್ ಆರ್ಕಿಟೆಕ್ಚರ್) ನೋಂದಾಯಿಸಿಕೊಂಡವರು ಮಾತ್ರ ಆ ಹೆಸರಿನಲ್ಲಿ ವೃತ್ತಿ ನಡೆಸಬಹುದಾದ್ದರಿಂದ, ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚ ಬೇಡ.

ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದಿಟ್ಟಾಗ ಇಬ್ಬರು ಆಕ್ಷೇಪಿಸಿದರು: ಆಪ್ತಸಮಾಲೋಚಕಿಗೆ ಚದರ, ಶುಲ್ಕಗಳ ಗೊಡವೆ ಏಕೆ, ಮೇಲಾಗಿ ನೀವು ಹೆಂಡತಿಯ ಪಕ್ಷ ವಹಿಸಲಿಲ್ಲವೇ ಎಂದು. ಪಕ್ಷ ವಹಿಸಿದ್ದು ನಿಜವೆಂದು ಒಪ್ಪಿಕೊಂಡೆ. ಎರಡು ಹಾಳೆಗಳಲ್ಲಿ ಒಂದು ಒಂದೂವರೆ ಪುಟ, ಇನ್ನೊಂದು ನಾಲ್ಕು ಸಾಲು ಇದ್ದಾಗ, ನಾಲ್ಕು ಸಾಲಿನ ಕಡೆ ವಾಲದೆ ಸಮವಾಗಿ ನಿಂತರೆ ಅದು ಒಂದೂವರೆ ಪುಟದ ಪಕ್ಷವೇ ಆಗುತ್ತದೆ. ಚದರದ ಮಾತಿಗೆ ಹೇಳುವುದಾದರೆ, ಗಂಡಹೆಂಡಿರ ನಡುವಿನ ಮೌನ ಹಜಾರದ ಅಳತೆಯಲ್ಲಿ ಅವಿತಿರುವಾಗ ಆ ಅಳತೆಯನ್ನು ಬಿಟ್ಟು ಮಾತಾಡುವುದು ಹೇಗೆಂದು ನನಗೆ ತಿಳಿಯದು.

ಆದರೆ ಇದನ್ನು ಬರೆಯಲು ಕಾರಣ ಆ ಆಕ್ಷೇಪವಲ್ಲ. ಎರಡು ತಿಂಗಳ ಮೇಲೆ ಅವರು ಕರಡು ನಕ್ಷೆ ತೋರಿಸಲು ಬಂದರು. ಪತ್ನಿಯ ಕೋಣೆಗೆ ಪೂರ್ವದ ಕಿಟಕಿ, ಒಳಗಿನಿಂದ ಚಿಲಕ. ಮಗ ಬಂದಾಗ ಅವನ ಕೋಣೆಯೂ ಅದೇ. ಅಜ್ಜಿಗೆ ಹಿಂಬದಿಯಲ್ಲಿ, ಸದ್ದಿಲ್ಲದ ಕಡೆ, ಬಚ್ಚಲು ಸೇರಿದ ವಿಶಾಲವಾದ ಕೋಣೆಯಿತ್ತು. ನಾನೂ ಮೆಚ್ಚಿ ಕಳಿಸಿದೆ. ಮುಂದಿನ ವಾರ ವಾಸ್ತುಶಿಲ್ಪಿ ಮನೆಯ ಸಾಮಾನುಗಳ ಅಳತೆ ತೆಗೆಯಲೆಂದು ಅವರ ಹಳೆಯ ಮನೆಗೆ ಹೋದಾಗ, ಅಜ್ಜಿ ಬೀದಿಬಾಗಿಲ ಪಕ್ಕದ ಜಗಲಿಯಲ್ಲಿ ಕೂತು, ಸೊಪ್ಪಿನವಳನ್ನು ನಿಲ್ಲಿಸಿ ಮಾತಾಡುತ್ತಿದ್ದರಂತೆ. ದಿನವೂ ಹನ್ನೊಂದರವರೆಗೆ ಅವರಿರುವುದು ಅಲ್ಲಿಯೇ. ಆ ನಕ್ಷೆಯಲ್ಲಿ ಜಗಲಿಯೇ ಇರಲಿಲ್ಲ. ಬರೆದು ತನ್ನಿ ಎಂದು ನಾನು ಹೇಳಿದ್ದು ಇಬ್ಬರಿಗೆ ಮಾತ್ರ. ಮೂರನೆಯ ಹಾಳೆಯನ್ನು ನಾನು ಕೇಳಿರಲಿಲ್ಲ.