ಆಟೋಗೆ ದುಡ್ಡು ಬಿಚ್ಚದ ಅಪ್ಪ, ಕೇಳಿದವರಿಗೆಲ್ಲ ಜಾಮೀನು ಹಾಕುವ ಅಪ್ಪ

(ಗುರುತು ಸಿಗದ ಹಾಗೆ ಹೆಸರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ.)

"ನಮ್ಮ ಅಪ್ಪಯ್ಯ ಜಿಪುಣನೋ ಧಾರಾಳಿಯೋ ಅಂತಲೇ ನಂಗೆ ಗೊತ್ತಾಗ್ತಿಲ್ಲ ಮೇಡಂ." ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದ ಸುಮಾ ಕೂತ ಕೂಡಲೇ ಹೇಳಿದ ಮಾತು ಇದು. ವಯಸ್ಸು ಮೂವತ್ತೈದರ ಆಸುಪಾಸು. ಬೆಂಗಳೂರಲ್ಲಿ ಕೆಲಸ, ತವರು ಶಿರಸಿ ಹತ್ತಿರದ ಹಳ್ಳಿ. ಅಪ್ಪನಿಗೆ ಎರಡೆಕರೆ ಅಡಿಕೆ ತೋಟ.

ದೂರುಗಳನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡೇ ಬಂದಿದ್ದರು. ಪೇಟೆಗೆ ಹೋದರೆ ಅಪ್ಪ ಆಟೋ ಹತ್ತುವುದಿಲ್ಲ, ಮಂಡಿನೋವಿದ್ದರೂ ಚೀಲ ಹೊತ್ತು ನಡೆಯುತ್ತಾರೆ. ಆದರೆ ದಾಯಾದಿಗಳ ಮನೆ ಮದುವೆಗೆ ಕೇಳುವ ಮೊದಲೇ 50 ಸಾವಿರ ಕೊಟ್ಟುಬಿಟ್ಟರು. ಮಗಳು ವಾಷಿಂಗ್ ಮಷಿನ್ ತಂದರೆ ಮೂರು ದಿನ ಮಾತಿಲ್ಲ. ಅವಳು ತಿಂಗಳು ತಿಂಗಳು ಕಳಿಸುವ 10 ಸಾವಿರವನ್ನು ಮುಟ್ಟದೆ ಅವಳದೇ ಹೆಸರಲ್ಲಿ ಠೇವಣಿ ಇಟ್ಟಿದ್ದಾರೆ. "ನಂಗೆಂತಕ್ಕೆ ನಿನ್ನ ದುಡ್ಡು" ಎನ್ನುವ ಇದೇ ಅಪ್ಪ ಪ್ರತಿ ಮಾರ್ಚ್‌ನಲ್ಲಿ ಫೋನ್ ಮಾಡಿ "ಒಂದೆರಡು ಲಕ್ಷ ಹಾಕು" ಅನ್ನುತ್ತಾರೆ. ಏಪ್ರಿಲ್ ಕಳೆಯುವುದರೊಳಗೆ ಪೂರ್ತಿ ವಾಪಸ್. ಯಾಕೆ, ಏನು ಅಂತ ಒಂದು ಮಾತಿಲ್ಲ. ಇದರ ಮೇಲೆ ಪಕ್ಕದ ಮನೆಯವರ ಸಾಲಕ್ಕೆ ಜಾಮೀನು ಬೇರೆ.

"ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ವಾ?" ಎಂದು ಕೇಳಿದರು. ಸಿಟ್ಟಿಗಿಂತ ನೋವೇ ಜಾಸ್ತಿ ಇತ್ತು.

ನಾನು ಮೊದಲು ಕೇಳಿದ್ದು ಒಂದೇ: ಅಪ್ಪ ಹೀಗೆ ಆಗಿದ್ದು ಯಾವಾಗಿನಿಂದ? ವಯಸ್ಸಾದವರು ದುಡ್ಡಿನ ವಿಷಯದಲ್ಲಿ ಇದ್ದಕ್ಕಿದ್ದ ಹಾಗೆ ಬದಲಾದರೆ, ಕಟ್ಟಿದ ಬಿಲ್ಲನ್ನೇ ಮತ್ತೆ ಕಟ್ಟಿದರೆ, ಚಿಲ್ಲರೆ ಎಣಿಸಲು ತಡವರಿಸಿದರೆ, ಮನೆಯವರೇ ಕದ್ದರು ಅನ್ನಲು ಶುರು ಮಾಡಿದರೆ ಅದು ಸ್ವಭಾವವಲ್ಲ. ಮರೆವಿನ ಕಾಯಿಲೆಯ ಮೊದಲ ಲಕ್ಷಣ ಇರಬಹುದು. ಆಗ ನನ್ನ ಹತ್ತಿರ ಅಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಸುಮಾ ನಕ್ಕರು. "ನಾನು ಕಂಡಾಗಿಂದ ಹೀಗೇ. ಲೆಕ್ಕ ಅಂದ್ರೆ ಈಗಲೂ ಬಾಯಲ್ಲೇ ಮಾಡ್ತಾರೆ."

ಹಾಗಾದರೆ ವರ್ಷದ ಲೆಕ್ಕ ಬರೆಯೋಣ ಎಂದೆ. ಒಂದು ಹಾಳೆಯಲ್ಲಿ ಅವರದು, ಇನ್ನೊಂದರಲ್ಲಿ ಅಪ್ಪನದು. ಅವರದು ಎರಡು ನಿಮಿಷದಲ್ಲಿ ಮುಗಿಯಿತು: ತಿಂಗಳ ಕೊನೆಗೆ ಸಂಬಳ, ಐದಕ್ಕೆ ಕಂತು, ಉಳಿದದ್ದು ಖರ್ಚು. ಅಪ್ಪನ ಹಾಳೆ ಮುಂದೆ ಹೋಗಲೇ ಇಲ್ಲ. ಅಡಿಕೆ ಮನೆಯಲ್ಲಿ ಹುಟ್ಟಿ ಬೆಳೆದವರಿಗೂ ದುಡ್ಡು ಯಾವಾಗ ಬರುತ್ತದೆ ಎನ್ನುವುದು ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಕಡೆ ಇದು ಅಪರೂಪವೇನಲ್ಲ. ಮಕ್ಕಳನ್ನು ಓದಿಗೆ ಕಳಿಸಿದ್ದೇ ಈ ಲೆಕ್ಕದಿಂದ ದೂರ ಇಡಲಿಕ್ಕೆ.

ಕೂತು ತುಂಬಿಸಿದೆವು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಚಳಿಗಾಲದಲ್ಲಿ. ಚಾಲಿ ಮಾಡುವುದಾದರೆ, ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸುವುದಾದರೆ, ಒಂದೂವರೆ ತಿಂಗಳ ಬಿಸಿಲು ಬೇಕು. ಆಮೇಲೆ ಸುಲಿಯಬೇಕು, ಬೆಲೆ ನೋಡಿ ಬಿಡಬೇಕು. ಅಲ್ಲಿಯವರೆಗೆ ಅಕ್ಕಿ, ಸಕ್ಕರೆ, ಗೊಬ್ಬರ, ಔಷಧಿಗೆ ಮೈಲುತುತ್ತ ಎಲ್ಲ ಸೊಸೈಟಿಯ (ಸಹಕಾರ ಸಂಘದ) ಖಾತೆಯಲ್ಲಿ ಸಾಲ. ಅಡಿಕೆ ಮಹಸೂಲನ್ನು ಅಲ್ಲಿಗೆ ಮಾರಾಟಕ್ಕೆ ಹಾಕಿದಾಗ ಅದೆಲ್ಲ ಮುರಿದುಕೊಂಡು ಉಳಿದದ್ದು ಕೈಗೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂತೋ, ಆ ಉಳಿದದ್ದೂ ಇಲ್ಲ. ಅಂದರೆ ಜೇಬಿನಲ್ಲಿ ದುಡ್ಡಿದ್ದರೂ ಅದು ಆಗಲೇ ಖರ್ಚಾಗಿರುವ ದುಡ್ಡು. ಆಟೋ ಹತ್ತದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ನನಗೆ ಕಾಣಲಿಲ್ಲ. ಮಂಡಿನೋವಿನ ಮೇಲೆ ಆ ಹಟ ತಪ್ಪು, ಅದು ಬೇರೆ ಮಾತು.

ಮಾರ್ಚ್ ಗುಟ್ಟೂ ಅಲ್ಲೇ ಬಿಚ್ಚಿಕೊಂಡಿತು. ಸಹಕಾರ ಸಂಘದ ಬೆಳೆಸಾಲಕ್ಕೆ ರಾಜ್ಯದಲ್ಲಿ ಬಡ್ಡಿ ಇಲ್ಲ. 3 ಲಕ್ಷದವರೆಗೆ ಇದ್ದದ್ದನ್ನು 2023ರ ಬಜೆಟ್‌ನಲ್ಲಿ 5 ಲಕ್ಷಕ್ಕೆ ಏರಿಸಿದರು. ಆದರೆ ಗಡುವಿನೊಳಗೆ ಕಟ್ಟಬೇಕು, ತಪ್ಪಿದರೆ ಬಡ್ಡಿ ಬೀಳುತ್ತದೆ. ಚಾಲಿ ಇನ್ನೂ ಅಂಗಳದಲ್ಲಿ ಒಣಗುತ್ತಿರುವಾಗಲೇ ಗಡುವು ಬಂದರೆ ಏನು ಮಾಡುವುದು? ಕೈಸಾಲ ತಂದು ಕಟ್ಟುವುದು, ರಿನೀವಲ್ ಮಾಡಿಸಿ ಹೊಸ ಸಾಲ ಎತ್ತುವುದು, ಕೈಸಾಲ ತೀರಿಸುವುದು. ಅಪ್ಪ ಸಾಲದಲ್ಲಿ ಮುಳುಗಿದ್ದಾರೆ ಅಂತ ಸುಮಾ ವರ್ಷಗಟ್ಟಲೆ ನಿದ್ದೆಗೆಟ್ಟಿದ್ದು ಇದಕ್ಕೆ!

ಒಂದು ಸಲ ಅಪ್ಪನೇ ಬಿಡಲು ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಕೊಡೆ ಹಿಡಿದು ಕೂತಿದ್ದವರನ್ನು ಚಾ ಕುಡಿಯಲು ಒಳಗೆ ಕರೆದೆ. ಕೌನ್ಸೆಲಿಂಗ್ ಮಾತು ಎತ್ತಲಿಲ್ಲ, ಅಡಿಕೆ ಬೆಲೆ ಕೇಳಿದೆ. 2014ರಲ್ಲಿ ಕೆಂಪಡಿಕೆಯ (ಬೇಯಿಸಿ ಒಣಗಿಸಿದ ಅಡಿಕೆಯ) ಬೆಲೆ ಏರಿದ ಕತೆಯಿಂದ ಶುರು ಮಾಡಿದವರು 2001ಕ್ಕೆ ಬಂದು ನಿಂತರು. ಬೆಲೆ ನೆಲಕಚ್ಚಿದ ಹೊತ್ತು. ಸುಮಾಳ ಆಯಿಯ (ಅಮ್ಮನ) ಬಳೆ ಅಡವಿಟ್ಟದ್ದು ಆಗಲೇ. ಅದೂ ಸಾಲದೆ ಇನ್ನೊಂದು ಸಾಲ ಬೇಕಾಯಿತು. ಯಾರೂ ಸಹಿಗೆ ಬಾರದಾಗ ಪಕ್ಕದ ಮನೆಯವರು ಬಂದು ಜಾಮೀನು ಹಾಕಿದರು. ಸುಮಾ ಕಪ್ಪು ಕೆಳಗಿಟ್ಟರು. "ಬಳೆ ಹೊಳೆಗೆ ಬಿತ್ತು ಅಂದಿದ್ರಲ್ಲ ಅಪ್ಪಯ್ಯ?" ಅವರು ಮಗಳ ಮುಖ ನೋಡದೆ, "ನೀನು ಸಣ್ಣವಳು" ಅಂದರು, ಅಷ್ಟೇ.

ನಾನು ಕೊಟ್ಟ ಸಲಹೆ ಇಷ್ಟು. "ನಿಮ್ಮ ಹತ್ರ ಎಷ್ಟಿದೆ" ಅಂತ ಕೇಳಬೇಡಿ. ಊರಿಗೆ ಹೋದಾಗ ಅಡಿಕೆ ಸುಲಿಯುವಲ್ಲಿ ಕೂತು "ಆ ವರ್ಷ ಹೇಗೆ ದಾಟಿದ್ರಿ" ಅಂತ ಕೇಳಿ. ಮಾರ್ಚ್ ದುಡ್ಡನ್ನು ಕೇಳಿಸಿಕೊಳ್ಳುವವರೆಗೆ ಕಾಯಬೇಡಿ, ಫೆಬ್ರವರಿಯಲ್ಲೇ ಹಾಕಿ. ಅವರು ವಾಪಸ್ ಕೊಟ್ಟಾಗ "ಇರಲಿ ಬಿಡಿ" ಅನ್ನದೆ ತೆಗೆದುಕೊಳ್ಳಿ. ಮಗಳೇ ಆದರೂ ಸಾಲ ಸಾಲವೇ ಆಗಿ ಉಳಿಯಬೇಕು ಅನ್ನುವುದು ಅವರ ಮರ್ಯಾದೆ. ತಿಂಗಳ 10 ಸಾವಿರದ ಬದಲು ಒಂದು ಖರ್ಚನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. ಆರೋಗ್ಯ ವಿಮೆಯ ಕಂತು ಸರಿ ಹೋಗಬಹುದು. ಮನೆಗೆ ಸಾಮಾನು ತರುವ ಮೊದಲು ಆಯಿಯನ್ನು ಒಂದು ಮಾತು ಕೇಳಿ. ಮಷಿನ್ ಬೇಕು ಅಂತ ಅವರೂ ಹೇಳಿರಲಿಲ್ಲ!

ಅರ್ಥವಾಯಿತು ಅಂದ ಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ಜಾಮೀನಿನ ವಿಷಯದಲ್ಲಿ ನಾನು ಸುಮಾಳ ಕಡೆ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನೂ ಸಾಲಗಾರನಷ್ಟೇ ಹೊಣೆ. ಬ್ಯಾಂಕು ನೇರ ಅಪ್ಪನ ಬಾಗಿಲಿಗೇ ಬರಬಹುದು. ಋಣ ತೀರಿಸಲು ಸಹಿಯೇ ಹಾಕಬೇಕೆಂದಿಲ್ಲ. ಕೈಲಾದಷ್ಟು ದುಡ್ಡು ಕೊಟ್ಟು ಮರೆತುಬಿಟ್ಟರೂ ತೀರುತ್ತದೆ. ಠೇವಣಿಯ ಬಗ್ಗೆಯೂ ಹೇಳಿದೆ. ಬ್ಯಾಂಕಿನಲ್ಲಿಟ್ಟ ಹಣಕ್ಕೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಾದರೂ ಸರಿ. ಹಳ್ಳಿಯ ಪ್ರಾಥಮಿಕ ಸಹಕಾರ ಸಂಘದಲ್ಲಿಟ್ಟ ಠೇವಣಿಗೆ ಆ ವಿಮೆ ಇಲ್ಲ. ಸಂಘ ಎಷ್ಟೇ ಗಟ್ಟಿ ಇರಲಿ, ಎಲ್ಲವನ್ನೂ ಒಂದೇ ಕಡೆ ಇಡಬಾರದು. ಸ್ವಲ್ಪ ಬ್ಯಾಂಕಿಗೆ ಹೋಗಲಿ, ಎಲ್ಲ ಕಡೆ ನಾಮಿನಿ ಹೆಸರು ಇರಲಿ. ನಾಮಿನಿ ಅಂದರೆ ವಾರಸುದಾರ ಅಂತಲ್ಲ, ಹಾಗಾಗಿ ವಿಲ್ ಬರೆಸುವ ಮಾತನ್ನೂ ಯಾವತ್ತಾದರೂ ಎತ್ತಬೇಕು.

ಈ ವರ್ಷ ಮಾರ್ಚ್ ಸುಸೂತ್ರವಾಗಿ ಕಳೆಯಿತಂತೆ. ವಿಮೆಯ ಕಂತನ್ನು ಮಗಳೇ ಕಟ್ಟುವುದಕ್ಕೆ ಅಪ್ಪ ಒಪ್ಪಿದ್ದಾರೆ, ರಸೀದಿ ಮಾತ್ರ ತನಗೆ ಬೇಕು ಅಂದಿದ್ದಾರೆ. ಜಾಮೀನಿನದ್ದು ಇನ್ನೂ ಬಗೆಹರಿದಿಲ್ಲ. "ಅವ ನನಗೆ ಹಾಕಿದ್ದಾನೆ, ನಾನು ಹೇಗೆ ಬೇಡ ಅನ್ನಲಿ" ಎನ್ನುವುದು ಅಪ್ಪನ ವಾದ. ಆ ಸಾಲದಲ್ಲಿ ಎಷ್ಟು ಬಾಕಿ ಉಳಿದಿದೆ ಅಂತ ಬರಹದಲ್ಲಿ ಕೇಳಿ ತರಲು ಹೇಳಿದ್ದೇನೆ. ಮುಂದಿನ ಸಲ ಆಯಿಯೂ ಬರುತ್ತಾರಂತೆ.