ಮಳೆ ರಜೆ, ನಾಲ್ಕು ಭಾಷೆ, ಒಂದನೇ ಕ್ಲಾಸು: ಕೊಡಗಿನಿಂದ ಒಂದು ಉತ್ತರ

ಗದಗದಿಂದ ವರ್ಗವಾಗಿ ಕೊಡಗಿಗೆ ಬರುತ್ತಿದ್ದೀರಿ, ಮಗಳು ಈ ಜೂನ್‌ಗೆ ಒಂದನೇ ಕ್ಲಾಸು ಅಂತ ಬರೆದಿದ್ದೀರಿ. ನಿಮ್ಮ ಆತಂಕ ಎರಡು. ಮಳೆಗಾಲದಲ್ಲಿ ಇಲ್ಲಿ ಶಾಲೆ ನಡೆಯುವುದಕ್ಕಿಂತ ರಜೆಯೇ ಜಾಸ್ತಿಯಂತೆ. ಕ್ಲಾಸಿನಲ್ಲಿ ಮಕ್ಕಳು ಒಬ್ಬೊಬ್ಬರು ಒಂದೊಂದು ಭಾಷೆ ಮಾತಾಡುತ್ತಾರಂತೆ. ಹೀಗಿದ್ದರೆ ಮಗು ಏನು ಕಲಿಯುತ್ತದೆ ಅಂತ ಕೇಳಿದ್ದೀರಿ.

ನಾನು ಪೊನ್ನಂಪೇಟೆ ತಾಲ್ಲೂಕಿನವಳು. ನಮ್ಮ ಊರಿನಿಂದ ಕುಟ್ಟ ಹತ್ತಿರ, ಕುಟ್ಟ ದಾಟಿದರೆ ಕೇರಳದ ವಯನಾಡು. ಹದಿನೆಂಟು ವರ್ಷ ಒಂದನೇ ತರಗತಿಯ ಮಕ್ಕಳ ಜೊತೆ ಕೂತಿದ್ದೇನೆ. ಆ ಧೈರ್ಯದಿಂದ ಹೇಳುತ್ತೇನೆ, ಮಗು ಚೆನ್ನಾಗಿ ಕಲಿಯುತ್ತದೆ. ಆದರೆ ಮೊದಲ ವರ್ಷ ಅಕ್ಷರಕ್ಕಿಂತ ಮುಂಚೆ ಅದಕ್ಕೆ ಎರಡು ಬೇಕು. ದಿನಕ್ಕೊಂದು ಕ್ರಮ ಬೇಕು. ಬಾಯಿ ಬಿಟ್ಟರೆ ಯಾರೂ ಗದರುವುದಿಲ್ಲ ಅನ್ನುವ ನಂಬಿಕೆ ಬೇಕು. ಶಾಲೆ ಒಂದೇ ಇವೆರಡನ್ನೂ ಕೊಡಲಾರದು.

ಮೊದಲು ಭಾಷೆಯ ಮಾತು. ಸರ್ಕಾರಿ ಶಾಲೆಯಲ್ಲಿ ಬೆಳಿಗ್ಗೆ ಮಕ್ಕಳಿಗೆ ಬಿಸಿ ಹಾಲು ಕೊಡುತ್ತಾರೆ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು. ಮೊದಲ ವಾರ ಹಾಲಿನ ಲೋಟ ಹಿಡಿದು ಹೋದರೆ ಒಂದು ಮಗು ‘ಬೇಡ’ ಅನ್ನುತ್ತದೆ. ಪಕ್ಕದ್ದು ‘ವೇಂಡ’ ಅನ್ನುತ್ತದೆ, ಅದರ ಮನೆಯಲ್ಲಿ ಮಲಯಾಳಂ. ಇನ್ನೊಂದು ಕೊಡವ ಮನೆಯ ಮಗು ‘ಬೋಂಡ’ ಅನ್ನುತ್ತದೆ. ತುಳು ಮನೆಯದ್ದು ‘ಬೊಡ್ಚಿ’. ಇದರ ಜೊತೆಗೆ ಗೌಡರ ಮನೆಗಳ ಅರೆಭಾಷೆ ಇದೆ, ಯರವ ಬುಡಕಟ್ಟಿನ ಮಕ್ಕಳ ಮಾತಿದೆ, ತೋಟದ ಕಾರ್ಮಿಕರ ಲೈನ್ ಮನೆಗೆ ಅಸ್ಸಾಂನಿಂದ ಬಂದವರ ಮಕ್ಕಳ ಮಾತಿದೆ. ಎಲ್ಲರೂ ಹೇಳುತ್ತಿರುವುದು ಒಂದೇ, ನನಗೆ ಹಾಲು ಬೇಡ ಅಂತ.

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯಿಂದ ಒಬ್ಬ ಹೊಸ ಟೀಚರ್ ಬಂದಿದ್ದರು. ತುಂಬ ಒಳ್ಳೆಯ ಹುಡುಗಿ, ಮಕ್ಕಳೆಂದರೆ ಜೀವ. ಮಧ್ಯಾಹ್ನ ಊಟದ ಸಾಲಿನಲ್ಲಿ ಒಬ್ಬ ಹುಡುಗ ತಟ್ಟೆ ಎತ್ತಿ ‘ಕೂಳ್’ ಅಂದ. ಕೊಡವ ತಕ್ಕ್, ಅಂದರೆ ಕೊಡವ ಭಾಷೆಯಲ್ಲಿ ಕೂಳ್ ಅಂದರೆ ಅನ್ನ, ಅಷ್ಟೇ. ತುಪ್ಪದನ್ನಕ್ಕೆ ನೈಕೂಳ್ ಅನ್ನುತ್ತಾರೆ, ಅದು ಹಬ್ಬದ ಅಡುಗೆ. ಆದರೆ ಕನ್ನಡದ ಕಿವಿಗೆ ಕೂಳು ಅಂದರೆ ಬೈಗುಳ ಇದ್ದ ಹಾಗೆ, ಅಲ್ವಾ? ಟೀಚರ್ ಮೆತ್ತಗೇ ಹೇಳಿದರು, ‘ಹಾಗೆಲ್ಲ ಮಾತಾಡಬಾರದು ಪುಟ್ಟ, ಅನ್ನ ಅನ್ನಬೇಕು.’ ಬೈಯಲಿಲ್ಲ, ಹೊಡೆಯಲಿಲ್ಲ. ಆದರೂ ಅವನು ಬಾಯಿ ಮುಚ್ಚಿಬಿಟ್ಟ. ಎರಡನೇ ಸಲ ಅನ್ನ ಕೇಳುವುದನ್ನೇ ಬಿಟ್ಟ. ಸುಮಾರು ಮೂರು ವಾರ ಶಾಲೆಯಲ್ಲಿ ಒಂದು ಮಾತೂ ಇಲ್ಲ. ಮನೆಗೆ ಹೋಗಿ ಗಬಗಬ ತಿನ್ನುತ್ತಿದ್ದಾನೆ, ಶಾಲೆಯಲ್ಲಿ ಊಟ ಸಾಲುತ್ತಿಲ್ಲವಾ ಅಂತ ಅವನ ಅವ್ವ ಬಂದು ಕೇಳಿದಾಗಲೇ ನಮಗೆ ಗೊತ್ತಾದದ್ದು. ಆ ಟೀಚರ್ ಅತ್ತೇಬಿಟ್ಟರು.

ಮಾರನೇ ದಿನ ನಾವಿಬ್ಬರೂ ಸೇರಿ ಅನ್ನದ ಒಂದು ದೊಡ್ಡ ಚಿತ್ರ ಬರೆದೆವು. ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ ಅಂತ ಒಬ್ಬೊಬ್ಬರನ್ನೇ ಕೇಳಿದೆವು. ಚೋರ್, ನುಪ್ಪು, ಭಾತ್, ಅನ್ನ. ಅವನ ಸರದಿ ಬಂದಾಗ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಸಣ್ಣಗೆ ‘ಕೂಳ್’ ಅಂದ. ಅದನ್ನೂ ಬರೆದು ಚಪ್ಪರಕ್ಕೆ ತೂಗುಹಾಕಿದೆವು. ದೀಪಾವಳಿ ಹೊತ್ತಿಗೆ ಅವನು ಕನ್ನಡದಲ್ಲಿ ಕಥೆ ಹೇಳುತ್ತಿದ್ದ.

ನಿಮ್ಮ ಮಗಳ ಬಾಯಲ್ಲಿ ಗದಗಿನ ಕನ್ನಡ ಇರುತ್ತದೆ. ಇಲ್ಲಿಯ ಮಕ್ಕಳಿಗೆ ಅದೂ ಹೊಸದೇ. ಅವಳನ್ನು ತಿದ್ದಿ ಕಳಿಸಬೇಡಿ. ಅವಳು ಎರಡು ತಿಂಗಳಲ್ಲಿ ಮನೆಗೆ ಬಂದು ‘ವೇಂಡ’ ಅಂದರೆ ಗಾಬರಿಯಾಗಲೂ ಬೇಡಿ. ಅದು ಅವಳಿಗೆ ಗೆಳತಿ ಸಿಕ್ಕಿದ್ದಾಳೆ ಅನ್ನುವುದಕ್ಕೆ ಗುರುತು.

ಚಪ್ಪರ ಅಂದೆನಲ್ಲ. ಅದು ನಲಿಕಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿಯ ಕೊಠಡಿಯಲ್ಲಿ ಮೇಲೆ ಕಟ್ಟಿರುವ ದಾರಗಳ ಸಾಲು, ಮಕ್ಕಳು ಮಾಡಿದ್ದನ್ನು ಅಲ್ಲಿ ತೂಗುಹಾಕುತ್ತೇವೆ. ನಲಿಕಲಿ ಹುಟ್ಟಿದ್ದು ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತನ್ನ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ಕೆಲಸ ಮಾಡುತ್ತದೆ, ಮುಗಿದರೆ ಮುಂದಿನ ಮೆಟ್ಟಿಲು. ಎರಡು ವಾರ ಬರದಿದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು. ಪಾಠ ಮುಂದೆ ಓಡಿಹೋಗಿರುವುದಿಲ್ಲ. ಮಳೆ ರಜೆಯ ಜಿಲ್ಲೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ಕಂಡಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿಗೆ ಅಪ್ಪ ಅಮ್ಮನ ಜೊತೆ ತೋಟದಿಂದ ತೋಟಕ್ಕೆ ಹೋಗುವ ಮಕ್ಕಳನ್ನೂ ಅದೇ ಕಾಪಾಡುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಅಲ್ಲಿ ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ರ, ಗ, ಸ, ದ, ಅ. ‘ಟೀಚರ್, ಮಗುವಿಗೆ ಇನ್ನೂ ಆ ಬರಲ್ಲ’ ಅಂತ ಪ್ರತಿ ವರ್ಷ ತಂದೆ ತಾಯಿ ಬರುತ್ತಾರೆ. ಆ ಐದು ಅಕ್ಷರಕ್ಕೇ ಸರ, ಅರಸ, ಅಗಸ, ಗರಗಸ ಅಂತ ಎಷ್ಟು ಪದ ಆಗುತ್ತದೆ ನೋಡಿ. ವರ್ಣಮಾಲೆ ಪೂರ್ತಿ ಬರುವುದಕ್ಕೆ ಮುಂಚೆಯೇ ಮಗು ಓದುತ್ತದೆ. ಮೊದಲ ಸಲ ‘ಗರಗಸ’ ಓದಿದ ಮಗುವಿನ ಮುಖ ನೋಡಬೇಕು ನೀವು. ಖಾಸಗಿ ಶಾಲೆಗೆ ಹಾಕುವುದಾದರೆ ಕ್ರಮ ಬೇರೆ ಇರುತ್ತದೆ, ಆದರೆ ಮನೆಯಲ್ಲಿ ನೀವು ಮಾಡಬೇಕಾದ ಕೆಲಸ ಎರಡಕ್ಕೂ ಒಂದೇ.

ಈಗ ಮಳೆ. ನಿಮಗೆ ಮಡಿಕೇರಿಯಾ, ಕುಶಾಲನಗರವಾ ಅಂತ ಬರೆದಿಲ್ಲ. ಎರಡರ ನಡುವೆ ಸುಮಾರು 30 ಕಿಲೋಮೀಟರ್ ದೂರ, ಆದರೆ ಮಳೆ ಬೇರೆ ಲೋಕ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತದೆ. ಕುಶಾಲನಗರ ಬಯಲಿನ ಕಡೆ, ಅಲ್ಲಿ ಅದರ ಅರ್ಧವೂ ಇಲ್ಲ. ಜಿಲ್ಲಾಧಿಕಾರಿ ರಜೆ ಘೋಷಿಸಿದರೆ ಅಂಗನವಾಡಿಗೂ ಶಾಲೆಗೂ ರಜೆ. ಎಷ್ಟೋ ಸಲ ಹಿಂದಿನ ರಾತ್ರಿಯೇ ಸುದ್ದಿ ಬರುತ್ತದೆ. ಆ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ತುಂಬಿಸಿಕೊಳ್ಳುತ್ತೇವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ನಾವು ಯಾರೂ ರಜೆ ಯಾಕೆ ಅಂತ ಕೇಳುವುದಿಲ್ಲ.

ಮಗುವಿಗೆ ಕಷ್ಟವಾಗುವುದು ರಜೆಯಿಂದಲ್ಲ. ಜೂನ್‌ನಲ್ಲಿ ಅಳು ನಿಂತು, ಬ್ಯಾಗು ತಾನೇ ಹಾಕಿಕೊಳ್ಳಲು ಶುರು ಮಾಡಿರುತ್ತದೆ. ಜುಲೈನಲ್ಲಿ ಐದು ದಿನ ಮನೆಯಲ್ಲಿ ಕಂಬಳಿ ಹೊದ್ದು ಹತ್ತು ಗಂಟೆವರೆಗೆ ಮಲಗಿ, ಮೊಬೈಲ್ ನೋಡಿದರೆ, ಆರನೇ ದಿನ ಮತ್ತೆ ಮೊದಲ ದಿನದ ಅಳು. ಅದಕ್ಕೆ ನಾನು ಎಲ್ಲ ತಾಯಂದಿರಿಗೂ ಹೇಳುವುದು, ರಜೆ ಶಾಲೆಗೆ, ದಿನಕ್ಕಲ್ಲ. ಏಳು ಗಂಟೆಗೆ ಎಬ್ಬಿಸಿ. ಹಂಡೆಯ ಬಿಸಿನೀರಲ್ಲಿ ಮುಖ ತೊಳೆಸಿ, ತಲೆ ಬಾಚಿ, ಅಕ್ಕಿರೊಟ್ಟಿ ಕೊಡಿ. ಶಾಲೆಗೆ ಬೆಲ್ ಹೊಡೆಯುವ ಹೊತ್ತಿಗೆ ಅರ್ಧ ಗಂಟೆ ಒಂದೇ ಜಾಗದಲ್ಲಿ ಜೊತೆಗೆ ಕೂರಿ. ಅರ್ಧ ಗಂಟೆ ಸಾಕು. ಈ ವಯಸ್ಸಿನ ಮಗುವನ್ನು ಅದಕ್ಕಿಂತ ಜಾಸ್ತಿ ಕೂರಿಸುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಏನು ಮಾಡಬೇಕು ಅಂದರೆ ಪುಸ್ತಕ ಬೇಕಾಗಿಯೇ ಇಲ್ಲ. ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಲ್ಲಿ ಅಕ್ಷರ ಬರೆಸಿ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ಸುಲಿದು ಎಣಿಸಿ ಹಂಚಲು ಬಿಡಿ. ಅಪ್ಪನಿಗೆ 5, ಅಜ್ಜಿಗೆ 5, ನನಗೆ ಎಷ್ಟು ಉಳಿಯಿತು? ಇಲ್ಲಿ ತೋಟದ ಮನೆಗಳಲ್ಲಿ ಮಳೆ ಅಳೆಯುವ ಅಭ್ಯಾಸ ಇದೆ. ನಾವು ಮಳೆಯನ್ನು ಇಂಚು, ಸೆಂಟು ಅಂತ ಲೆಕ್ಕ ಹಾಕುತ್ತೇವೆ, ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಮೊದಲು ಕೇಳುವುದೇ ‘ನಿಮ್ಮಲ್ಲಿ ಎಷ್ಟು ಇಂಚು?’ ಅಂತ. ನೀವೂ ಒಂದು ನೆಟ್ಟಗಿನ ಗಾಜಿನ ಲೋಟ ಅಂಗಳದಲ್ಲಿಡಿ. ದಿನಾ ಬೆಳಿಗ್ಗೆ ಮಗಳು ಸ್ಕೇಲ್ ಹಿಡಿದು ನೋಡಲಿ, ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಅಂಕಿ ಬರೆಯಲಿ. ನನ್ನ ಒಬ್ಬ ವಿದ್ಯಾರ್ಥಿನಿ ಒಂದು ಮಳೆಗಾಲದಲ್ಲಿ ಹೀಗೇ ಹತ್ತರವರೆಗಿನ ಅಂಕಿ ಕಲಿತು ಬಂದಳು. ಶಾಲೆ ಶುರುವಾದ ದಿನ ಕ್ಯಾಲೆಂಡರನ್ನೇ ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದಳು.

ಶಾಲೆ ಇರುವ ದಿನಕ್ಕೆ ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ಕವರಿನೊಳಗೆ ಒಣ ಸಾಕ್ಸು, ಒಣ ಚಡ್ಡಿ, ಸಣ್ಣ ಟವೆಲ್ ಇಡಿ. ಒದ್ದೆ ಕಾಲಲ್ಲಿ ಕೂತ ಮಗುವಿನ ತಲೆಗೆ ಏನೂ ಹೋಗುವುದಿಲ್ಲ. ರೈನ್‌ಕೋಟಿನ ಗುಂಡಿ ತಾನೇ ಹಾಕಿ ತೆಗೆಯುವುದನ್ನು ಮೇ ತಿಂಗಳಲ್ಲೇ ಕಲಿಸಿ. ಜಿಗಣೆ ಹತ್ತಿದರೆ ಹೆದರದೆ ಟೀಚರಿಗೆ ತೋರಿಸಲು ಹೇಳಿ. ಸಮವಸ್ತ್ರ ಒಣಗುವುದು ಒಲೆಯ ಮೇಲೆಯೇ, ಮೂರು ಜೊತೆ ಇದ್ದರೆ ಒಳ್ಳೆಯದು.

ನಮ್ಮ ಕಡೆ ಮನೆ ಮಾಡಿದರೆ ಆನೆಯ ಮಾತೂ ಹೇಳಬೇಕು. ದಾರಿಯಲ್ಲಿ ಆನೆ ಇದೆ ಅಂತ ಸುದ್ದಿ ಬಂದರೆ ಮಗುವನ್ನು ಕಳಿಸಬೇಡಿ, ತಡವಾದರೂ ಪರವಾಗಿಲ್ಲ. ಇಲ್ಲಿ ಯಾವ ಟೀಚರೂ ಅದಕ್ಕೆ ಬೈಯುವುದಿಲ್ಲ.

ಮಗಳಿಗೆ ಜೂನ್ 1ಕ್ಕೆ 6 ತುಂಬುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ. ತುಂಬದಿದ್ದರೆ ಇನ್ನೊಂದು ವರ್ಷ ಯುಕೆಜಿಯಲ್ಲಿ ಆಡಲಿ, ಅವಸರ ಮಾಡಿಸಿ ಸೇರಿಸಿದ ಮಕ್ಕಳು ಪೆನ್ಸಿಲ್ ಹಿಡಿಯುವಾಗ ಪಡುವ ಕಷ್ಟ ನಾನು ನೋಡಿದ್ದೇನೆ. ಮನೆ ಯಾವ ಊರಲ್ಲಿ ಅಂತ ಗೊತ್ತಾದ ಮೇಲೆ ಬರೆಯಿರಿ. ಶಾಲೆಗೆ ನಡೆದು ಹೋಗುವ ದೂರವಾ, ಜೀಪು ಬೇಕಾ ಅಂತ ವಿಚಾರಿಸಿ ಹೇಳುತ್ತೇನೆ.